ಏಳರ ಹಾಡಿಗೆ ಎಂಟರ ತಾಳ

ನನ್ನ ಕಿವಿ ಮಂದವಾದದ್ದರಿಂದ ಸ್ಟುಡಿಯೋ ಮುಚ್ಚಿದೆ ಎಂದು ಕುಂಬಳೆ ಪೇಟೆಯಲ್ಲಿ ಸುದ್ದಿ. ಸುದ್ದಿ ಹಬ್ಬಿಸಿದವರು ಯಾರೆಂದೂ ನನಗೆ ಗೊತ್ತು. ಅವರು ಹಬ್ಬಿಸುವಾಗ ನಾನು ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಅಷ್ಟನ್ನೂ ಕೇಳಿಸಿಕೊಂಡಿದ್ದೆ. ನನ್ನ ಕಿವಿಗೆ ಏನೂ ಆಗಿಲ್ಲ. ಈಗ ಧ್ವನಿಮುದ್ರಣದ ಕೆಲಸಕ್ಕೆ ಇಳಿದಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಯಾವ ಮೈಕ್ ಒಳ್ಳೆಯದು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುತ್ತಾರೆ. ಅದನ್ನೆಲ್ಲ ಅಂಗಡಿಯವನು ಹೇಳುತ್ತಾನೆ. ಅಂಗಡಿಯವನು ಹೇಳದ ಕೆಲವು ಸಂಗತಿಗಳನ್ನು ನಾನು ಇಲ್ಲಿ ಬರೆದಿಡುತ್ತೇನೆ.

ನನಗೆ ಕೆಲಸ ಕಲಿಸಿದವರು ಮೊಗ್ರಾಲಿನ ಖಾದ್ರಿಚ್ಚ. ಅವರ ಮೈಕ್ ಸೆಟ್ ಮದುವೆ, ಉರೂಸ್, ಹರಿಕಥೆ, ಚುನಾವಣೆ ಎಲ್ಲದಕ್ಕೂ ಹೋಗುತ್ತಿತ್ತು. ಕುಂಬಳೆಯ ಸ್ಟೇಷನ್ ದಾರಿಯಲ್ಲಿ ಅಂಗಡಿಯ ಮಾಳಿಗೆಯ ಮೇಲೆ ಒಂದು ಕೋಣೆಗೆ ಗೋಣಿ ಹೊಡೆದು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದರು. ಅವರ ನಂತರ ಅದನ್ನು ನಡೆಸಿದವನು ನಾನು. ರೈಲು ಬಂದಾಗ ಹಾಡು ನಿಲ್ಲಿಸಬೇಕಿತ್ತು. ಸಿಟ್ಟು ಬಂದರೆ ಅವರು ಬೈಯುತ್ತಿರಲಿಲ್ಲ, ನಮ್ಮ ಕಿವಿಯಿಂದ ಹೆಡ್‌ಫೋನ್ ತೆಗೆದು ತಾವು ಹಾಕಿಕೊಳ್ಳುತ್ತಿದ್ದರು. ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ.

ಅವರ ಮೊದಲ ನಿಯಮ, ಕಾರ್ಯಕ್ರಮಕ್ಕೆ ಮೊದಲು ಖಾಲಿ ಹಾಲನ್ನು ರೆಕಾರ್ಡ್ ಮಾಡಬೇಕು ಎಂಬುದು. ಫ್ಯಾನ್ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದು, ಟೇಪು ಓಡಿಸಿ, ನಾವೂ ಹೊರಗೆ ನಿಲ್ಲಬೇಕು.

"ಖಾಲಿ ಹಾಲಲ್ಲಿ ಎಂತ ಉಂಟು ರೆಕಾರ್ಡ್ ಮಾಡ್ಲಿಕ್ಕೆ?" ಎಂದು ನಾನು ಮೊದಲ ಸಲ ಕೇಳಿದ್ದೆ.

"ಎಂತ ಉಂಟು ಅಂತ ಗೊತ್ತಿದ್ರೆ ರೆಕಾರ್ಡ್ ಎಂತಕ್ಕೆ ಮಾರಾಯ?" ಎಂದಿದ್ದರು.

ಒಮ್ಮೆ ಶಾಲೆಯೊಂದರ ಹರಿಕಥೆಯ ಕ್ಯಾಸೆಟ್ಟಿನಲ್ಲಿ ಉದ್ದಕ್ಕೂ ಒಂದು ಗುಂಯ್‌ಗುಡುವಿಕೆ ಬಂತು. ದಾಸರು ಕೆಂಡವಾದರು. ಖಾಲಿ ಹಾಲಿನ ಟೇಪು ಹಾಕಿದಾಗ ಅದೇ ಗುಂಯ್‌ಕಾರ ಅಲ್ಲಿಯೂ ಇತ್ತು. ವೇದಿಕೆಯ ಮೇಲಿನ ಟ್ಯೂಬ್‌ಲೈಟಿನದು. ನಮ್ಮ ಮಾನ ಉಳಿಯಿತು. ಅಂದಿನಿಂದ ನಾನು ಈ ನಿಯಮವನ್ನು ಒಂದು ಸಲವೂ ತಪ್ಪಿಸಲಿಲ್ಲ.

ಎರಡನೆಯ ನಿಯಮ, ಕಡೆಯ ಮೈಕ್ ಬಿಚ್ಚುವವರೆಗೆ ರೆಕಾರ್ಡಿಂಗ್ ನಿಲ್ಲಿಸಬಾರದು. ಮಂಗಳ ಹಾಡಿ ಮುಗಿದ ಮೇಲೆ ಭಾಗವತರು ಮೈ ಹಗುರ ಮಾಡಿಕೊಂಡು ಗುನುಗುವ ಎರಡು ಸಾಲು ಕೆಲವೊಮ್ಮೆ ಕಛೇರಿಗಿಂತ ಚೆನ್ನಾಗಿರುತ್ತದೆ ಎನ್ನುವುದು ಅವರ ಅನುಭವ.

ಆಗ ಟೇಪಿನಿಂದ ಒಂದು ಕೆಮ್ಮನ್ನು ತೆಗೆಯಬೇಕಾದರೆ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸಬೇಕಿತ್ತು. ಕೆಮ್ಮಿನ ತುಂಡು ಮೇಜಿನ ಕೆಳಗೆ ಬೀಳುತ್ತಿತ್ತು. ಖಾದ್ರಿಚ್ಚ ಅದನ್ನು ಹೆಕ್ಕಿ ಒಂದು ಗಾಜಿನ ಭರಣಿಯಲ್ಲಿ ಹಾಕುತ್ತಿದ್ದರು. ಬಿಸಾಡಲು ಬಿಡುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ತಮಾಷೆಗೆಂದು ನಾವಿಬ್ಬರೂ ಆ ತುಂಡುಗಳನ್ನೆಲ್ಲ ಸಾಲಾಗಿ ಅಂಟಿಸಿ ಯಂತ್ರಕ್ಕೆ ಹಾಕಿದೆವು. ಕೆಮ್ಮು, ಗಂಟಲು ಸರಿ ಮಾಡುವುದು, ಆಕಳಿಕೆ, ಮತ್ತೆ ಕೆಮ್ಮು. ಮೊದಲು ನಗು ಬಂತು. ಆಮೇಲೆ ಒಬ್ಬೊಬ್ಬರ ಗುರುತು ಹತ್ತತೊಡಗಿತು. ಅದರಲ್ಲಿ ಅರ್ಧ ಜನ ಆಗಲೇ ತೀರಿಹೋಗಿದ್ದರು. ಒಂದು ಕೆಮ್ಮು ಬಂದಾಗ ಖಾದ್ರಿಚ್ಚ ಎದ್ದು ಯಂತ್ರ ನಿಲ್ಲಿಸಿದರು. "ಅದು ನನ್ನ ಇಚ್ಚಂದು," ಎಂದರು. ಅಣ್ಣ ಸತ್ತು ವರ್ಷಗಳಾಗಿದ್ದವು. ಭರಣಿಯನ್ನು ಅವರು ಮನೆಗೆ ಒಯ್ದರು. ಆಮೇಲೆ ಅದರ ಮಾತು ಬರಲಿಲ್ಲ, ನಾನೂ ಕೇಳಲಿಲ್ಲ.

ಈಗ ಕಂಪ್ಯೂಟರಿನಲ್ಲಿ ಒಂದು ಕೀಲಿ ಒತ್ತಿದರೆ ಕೆಮ್ಮು ಹೋಗುತ್ತದೆ. ಮೇಜಿನ ಕೆಳಗೆ ಏನೂ ಬೀಳುವುದಿಲ್ಲ. ಅದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದೂ ಇಲ್ಲ.

ಇನ್ನು ಶಂಭು ಮಾಸ್ಟ್ರ ವಿಷಯ. ಮೊಗ್ರಾಲ್ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಹಿಂದೆ ಕೈಮಗ್ಗಗಳಿದ್ದ ಒಂದು ಉದ್ದನೆಯ ಹಂಚಿನ ಕಟ್ಟಡ ಉಂಟು. ಮಗ್ಗ ನಿಂತ ಮೇಲೆ ಮಾಸ್ಟ್ರು ಅಲ್ಲಿ ಪಿಟೀಲು ಮತ್ತು ಹಾಡುಗಾರಿಕೆಯ ಪಾಠ ಮಾಡುತ್ತಿದ್ದರು. ಮಕ್ಕಳು ಚಾಪೆಯ ಮೇಲೆ, ಮಾಸ್ಟ್ರು ಎದುರಿಗೆ ಬೆತ್ತದ ಕುರ್ಚಿಯಲ್ಲಿ. ವಾರ್ಷಿಕೋತ್ಸವದ ಧ್ವನಿಮುದ್ರಣಕ್ಕೆ ನಾನು ಪ್ರತಿ ವರ್ಷ ಹೋಗುತ್ತಿದ್ದೆ. ಆ ಕುರ್ಚಿ ನನಗೆ ಶತ್ರುವಾಗಿತ್ತು. ಅವರು ಕೂತಾಗ ಒಂದು ತರಹ ಕಿರುಗುಟ್ಟುತ್ತಿತ್ತು, ಸಣ್ಣಗೆ, ಇಳಿಯುವ ಸ್ವರ. ಎದ್ದಾಗ ಇನ್ನೊಂದು ತರಹ, ಉದ್ದಕ್ಕೆ, ಏರುವ ಸ್ವರ. ಎದುರಿಗೆ ಮೈಕ್ ಇಟ್ಟವನ ಕಷ್ಟ ನೀವೇ ಊಹಿಸಿ. ಒಂದು ವರ್ಷ ನಾನು ಮೆತ್ತೆ ಹಾಕಿದ ಬೇರೆ ಕುರ್ಚಿ ತಂದಿಟ್ಟೆ. ವಿದ್ಯಾರ್ಥಿಗಳು ಗಾಬರಿಯಾಗಿ ಓಡಿ ಬಂದರು.

"ಕೇಶವಣ್ಣ, ಅದು ಬೇಡ. ನಮ್ಮ ರಿಸಲ್ಟ್ ಗೊತ್ತಾಗುವುದು ಆ ಕುರ್ಚಿಯಲ್ಲೇ."

ಅವರು ಹೇಳಿದ ಮೇಲೆ ನನಗೆ ತಿಳಿಯಿತು. ಮಾಸ್ಟ್ರು ಚೆನ್ನಾಗಿದೆ ಎಂದೂ ಹೇಳುವವರಲ್ಲ, ಕೆಟ್ಟಿದೆ ಎಂದೂ ಹೇಳುವವರಲ್ಲ. ಶ್ರುತಿಯೋ ತಾಳವೋ ಕೆಟ್ಟರೆ ಹಾಡಿನ ನಡುವೆಯೇ ಎದ್ದು ಹೊರಗೆ ನಡೆಯುತ್ತಿದ್ದರು. ಕುರ್ಚಿ ಕಿರುಗುಟ್ಟಿದ ಕೂಡಲೇ ಹಾಡುವವರ ಮುಖ ಬಿಳಚಿಕೊಳ್ಳುತ್ತಿತ್ತು. ಹಾಡು ಸರಿಯಾಗಿ ಮುಗಿದರೆ, ಪೂರ್ತಿ ಮುಗಿದ ಮೇಲೆ ಎದ್ದು ಒಂದು ಲೋಟ ನೀರು ಕುಡಿದು ಬರುತ್ತಿದ್ದರು. ಆ ಪಾಠ ಮುಗಿಯಿತು, ನಾಳೆ ಹೊಸದು ಎಂದು ಅರ್ಥ. ಶಬ್ದ ಒಂದೇ, ಬಂದ ಹೊತ್ತು ಮುಖ್ಯ.

ವಸುಧಾ ಅವರ ಕೊನೆಯ ವಿದ್ಯಾರ್ಥಿಗಳಲ್ಲಿ ಒಬ್ಬಳು. ಉಪ್ಪಳದ ಶಾಲೆಯಲ್ಲಿ ಟೀಚರ್, ಪಿಟೀಲು ಹಿಡಿದರೆ ಬೇರೆಯೇ ವ್ಯಕ್ತಿ. ಅವಳು ಕುಂಜತ್ತೂರಿನ ಒಂದು ರಾಕ್ ಬ್ಯಾಂಡಿಗೆ ಸೇರಿದಳು. ಬ್ಯಾಂಡಿನ ಹೆಸರು 'ಗಡಿಕಲ್ಲು'. ಗಿಟಾರಿನ ರೋಷನ್ ಅದರ ಮುಖ್ಯಸ್ಥ, ಡ್ರಮ್ಸಿನಲ್ಲಿ ಮೊಗ್ರಾಲಿನ ನಿಹಾಲ್. ಅವರದು ಕುಣಿಸುವ ರಾಕ್ ಅಲ್ಲ. ಒಂದೊಂದು ಹಾಡು ಇಪ್ಪತ್ತು ನಿಮಿಷ, ನಡುನಡುವೆ ತಾಳ ಬದಲಾಗುತ್ತದೆ, ಕೇಳುವವನು ಲೆಕ್ಕ ಹಾಕುತ್ತಾ ಕೂರಬೇಕು. ಅವರು ಶಾಸ್ತ್ರೀಯ ಕೀರ್ತನೆಗಳನ್ನು ತಮ್ಮ ರೀತಿಗೆ ಅಳವಡಿಸಿಕೊಳ್ಳಲು ಹೊರಟಿದ್ದರು. ಮಾಸ್ಟ್ರು ಹೇಳಿಕೊಟ್ಟ ಶುಭಪಂತುವರಾಳಿ ರಾಗದ ಒಂದು ಕೀರ್ತನೆ ಆದಿತಾಳದ್ದು, ಎಂಟು ಅಕ್ಷರದ್ದು. ಅದರಿಂದ ಒಂದು ಅಕ್ಷರ ಕಿತ್ತು ಏಳಕ್ಕೆ ಕೂರಿಸಿದರು. ಏಳರ ತಾಳ ನಮ್ಮಲ್ಲಿ ಇಲ್ಲವೆಂದಲ್ಲ. ಆದರೆ ಎಂಟಕ್ಕೆ ಹುಟ್ಟಿದ್ದನ್ನು ಏಳಕ್ಕೆ ಎಳೆಯುವುದು ಬೇರೆ ಮಾತು.

ವಸುಧಾ ಅದನ್ನು ಮುಚ್ಚಿಡಲಿಲ್ಲ. ಮಾಸ್ಟ್ರ ಎದುರು ಕೂತು ನುಡಿಸಿದಳು. ಪಲ್ಲವಿ ದಾಟುವಷ್ಟರಲ್ಲಿ ಕುರ್ಚಿ ಕಿರುಗುಟ್ಟಿತು.

"ಒಂದು ಅಕ್ಷರ ಎಲ್ಲಿಗೆ ಹೋಯ್ತು ಮಗಾ?" ಎಂದು ಬಾಗಿಲಲ್ಲಿ ನಿಂತು ಕೇಳಿ ಹೊರಟುಹೋದರಂತೆ. ಅವಳು ಮತ್ತೆ ಆ ಕಡೆ ಹೋಗಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲು ಮಾಸ್ಟ್ರು ತೀರಿಕೊಂಡರು.

ಆಮೇಲೆ ಎರಡು ಮೂರು ವರ್ಷ ಕಳೆದು ಬ್ಯಾಂಡಿನವರು ಲೈವ್ ಆಲ್ಬಮ್ ಮಾಡಬೇಕೆಂದು ನನ್ನ ಬಳಿಗೆ ಬಂದರು. ಎಲ್ಲಿ ಎಂದು ಕೇಳಿದರೆ ವಸುಧಾ, "ಮಾಸ್ಟ್ರ ಹಾಲಲ್ಲಿ," ಎಂದಳು. ನಾನು ಬೇಡವೆಂದೆ. ಹೆದ್ದಾರಿಯ ಕೆಲಸ ನಡೆಯುತ್ತಿದೆ, ಲಾರಿಗಳ ಸದ್ದು ಬರುತ್ತದೆ ಎಂದೆ.

"ಅವರ ಎದುರು ಅರ್ಧಕ್ಕೆ ನಿಂತದ್ದು ಕೇಶವಣ್ಣ," ಎಂದಳು. "ಅಲ್ಲೇ ಪೂರ್ತಿ ಮಾಡ್ಬೇಕು. ಅದೂ ತಪ್ಪು ಅಂತ ಅನ್ನಿಸಿದ್ರೆ ನಾನು ಇದನ್ನು ಇನ್ನು ನುಡಿಸುವುದಿಲ್ಲ. ಪಿಟೀಲೇ ಮುಟ್ಟುವುದಿಲ್ಲ."

ರೋಷನ್ ನೆಲ ನೋಡುತ್ತಾ ನಿಂತಿದ್ದ. ಅವಳು ಹೇಳಿದ ಹಾಗೆ ಮಾಡುವವಳು ಎಂದು ಅವನಿಗೂ ಗೊತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನಕ್ಕೆ ಗೊತ್ತುಮಾಡಿದೆವು. ಬೆಳಿಗ್ಗೆಯೇ ಮೈಕ್‌ಗಳನ್ನೆಲ್ಲ ಜೋಡಿಸಿದೆ. ಮಾಸ್ಟ್ರ ಕುರ್ಚಿ ಮೊದಲ ಸಾಲಿನ ನಡುವೆ ಇತ್ತು. ಅದರಲ್ಲಿ ಯಾರೂ ಕೂರುವ ವಾಡಿಕೆಯಿಲ್ಲ. ಸಭಿಕರ ಸದ್ದಿಗೆಂದು ಅದರ ಎಡಕ್ಕೊಂದು ಬಲಕ್ಕೊಂದು ಮೈಕ್ ಇಟ್ಟೆ. ಎಲ್ಲರನ್ನೂ ಚಾ ಕುಡಿಯಲು ಕಳಿಸಿ, ಬಾಗಿಲು ಎಳೆದು, ಖಾಲಿ ಹಾಲನ್ನು ರೆಕಾರ್ಡ್ ಮಾಡುತ್ತಾ ಹೊರಗೆ ಬಿಸಿಲಿನಲ್ಲಿ ನಿಂತೆ.

ಜನ ಚೆನ್ನಾಗಿ ಬಂದರು. ಮುಂದೆ ಮಾಸ್ಟ್ರ ಕಾಲದ ಹಿರಿಯರು, ಹಿಂದೆ ಕಪ್ಪು ಅಂಗಿಯ ಹುಡುಗರು. ಆ ಕೀರ್ತನೆ ಶುರುವಾದಾಗ ಹಿರಿಯರು ಅಭ್ಯಾಸಬಲದಿಂದ ತೊಡೆ ತಟ್ಟಲು ಕೈ ಎತ್ತಿದರು. ಎರಡು ಸುತ್ತಿನಲ್ಲಿ ಲೆಕ್ಕ ಕೈಗೆ ಸಿಗದೆ ಒಬ್ಬೊಬ್ಬರಾಗಿ ಕೈಕಟ್ಟಿ ಕೂತರು. ಹಿಂದಿನ ಹುಡುಗರಿಗೆ ತಲೆ ಆಡಿಸಲು ಯಾವ ಲೆಕ್ಕವೂ ಬೇಡ. ನಡುವೆ ಡ್ರಮ್ಸ್ ನಿಂತು ಪಿಟೀಲು ಮತ್ತು ಗಿಟಾರ್ ಎರಡೇ ಬಹಳ ಹೊತ್ತು ಅಲೆಯುವ ಒಂದು ಭಾಗವಿತ್ತು. ಮಟಮಟ ಮಧ್ಯಾಹ್ನದಲ್ಲಿ, ಹಂಚಿನ ಕೆಳಗಿನ ಆ ಸೆಕೆಯಲ್ಲಿ, ನನ್ನ ಬೆನ್ನು ತಣ್ಣಗಾಯಿತು. ರಾಗವೇ ಅಂಥದ್ದು ಎಂದುಕೊಂಡೆ. ನಿಹಾಲನ ಡ್ರಮ್ಸ್ ಸರಿಯಾದ ಜಾಗಕ್ಕೆ ಬಂದು ಬಿತ್ತು. ದೊಡ್ಡ ಅಬ್ಬರದಲ್ಲಿ ಹಾಡು ಮುಗಿಯಿತು. ವಸುಧಾ ಖಾಲಿ ಕುರ್ಚಿಯನ್ನು ನೋಡುತ್ತಾ ನಿಂತಿದ್ದಳು.

ಎರಡು ದಿನ ಬಿಟ್ಟು ಸ್ಟುಡಿಯೋದಲ್ಲಿ ಒಂದೊಂದೇ ಮೈಕಿನ ಟ್ರ್ಯಾಕ್ ಕೇಳುತ್ತಾ ಹೋದೆ. ಸಭಿಕರ ಮೈಕ್‌ಗಳಲ್ಲಿ ಯಾರೋ ತಾಳ ಹಾಕುತ್ತಿದ್ದರು. ಹಿರಿಯರ ಕೈ ನಿಂತ ಮೇಲೂ ಅದು ನಿಂತಿರಲಿಲ್ಲ. ಒಂದು ಪೆಟ್ಟು, ಖಾಲಿ, ಆಮೇಲೆ ಲೋಹ ಬೆತ್ತಕ್ಕೆ ತಗುಲಿದಂತೆ ಒಂದು ಟಿಕ್, ಮತ್ತೆ ಖಾಲಿ. ಆಮೇಲೆ ಪೆಟ್ಟು, ಖಾಲಿ, ಪೆಟ್ಟು, ಖಾಲಿ. ಶುದ್ಧ ಎಂಟು. ಬ್ಯಾಂಡು ಏಳರಲ್ಲಿ ಹೋಗುತ್ತಿದ್ದರೂ ಈ ಕೈ ಎಂಟನ್ನು ಬಿಡಲಿಲ್ಲ. ಜಗಳವೂ ಆಡಲಿಲ್ಲ. ಏಳರ ಎಂಟು ಸುತ್ತು ಮುಗಿಯುವಾಗ ಎಂಟರ ಏಳು ಸುತ್ತು ಮುಗಿದು ಎರಡೂ ಒಂದೇ ಪೆಟ್ಟಿಗೆ ಬಂದು ಸೇರುತ್ತಿದ್ದವು. ಮತ್ತೆ ಬೇರೆಯಾಗಿ, ಮತ್ತೆ ಸೇರುತ್ತಿದ್ದವು.

ನಾನು ಸುಲಭಕ್ಕೆ ಹೆದರುವವನಲ್ಲ. ಮೊದಲು ಮೊಬೈಲಿನಲ್ಲಿ ಯಾರೋ ತೆಗೆದ ವಿಡಿಯೋ ತರಿಸಿ ನೋಡಿದೆ. ಮೊದಲ ಸಾಲಿನಲ್ಲಿ ಎಲ್ಲರ ಕೈ ಕಟ್ಟಿಕೊಂಡೇ ಇತ್ತು. ಎರಡೂ ಮೈಕ್‌ಗಳಿಗೆ ಪೆಟ್ಟು ತಲುಪಿದ ಹೊತ್ತನ್ನು ಹೋಲಿಸಿದೆ. ಒಂದೇ ಹೊತ್ತು. ಹಾಗಾದರೆ ಸದ್ದು ಹುಟ್ಟಿದ್ದು ಎರಡರ ನಡುವೆ. ನಡುವೆ ಇದ್ದದ್ದು ಕುರ್ಚಿ.

ಸಭಿಕರ ಟ್ರ್ಯಾಕನ್ನೇ ಮುಚ್ಚಿ ಕೇಳಿದೆ. ಅದುವರೆಗೆ ಗಟ್ಟಿಯಾಗಿ ನಡೆಯುತ್ತಿದ್ದ ಬ್ಯಾಂಡು ಕತ್ತಲೆಯಲ್ಲಿ ಗೋಡೆ ತಡವಿದ ಹಾಗೆ ಕೇಳಿಸಿತು. ತೆರೆದೆ, ಸರಿಯಾಯಿತು. ಎದ್ದು ಹೋಗಿ ಮುಖ ತೊಳೆದು ಬಂದೆ.

ನಿಹಾಲ್‌ಗೆ ಫೋನ್ ಮಾಡಿ, ನಡುವಿನ ಭಾಗದಿಂದ ಅಷ್ಟು ಸರಿಯಾಗಿ ಹೇಗೆ ಬಂದೆ ಎಂದು ಕೇಳಿದೆ.

"ನಾನು ಲೆಕ್ಕ ಬಿಟ್ಟಿದ್ದೆ ಕೇಶವಣ್ಣ, ಸತ್ಯ ಹೇಳ್ತೇನೆ," ಎಂದ. "ಮುಂದೆ ಯಾರೋ ತಾಳ ಹಾಕ್ತಾ ಇದ್ರಲ್ಲ, ಅದನ್ನು ಹಿಡ್ಕೊಂಡು ಬಂದೆ. ಕಿವಿಯಲ್ಲಿ ಚೆನ್ನಾಗಿ ಕೇಳ್ತಿತ್ತು."

ಅವನ ಕಿವಿಯಲ್ಲಿ ಇದ್ದದ್ದು ಮಾನಿಟರ್, ನಾನು ಕಳಿಸಿದ್ದನ್ನು ಮಾತ್ರ ಕೇಳಿಸುವ ಇಯರ್‌ಫೋನ್. ಅದಕ್ಕೆ ನಾನು ಕಳಿಸಿದ್ದು ಗಿಟಾರ್ ಮತ್ತು ಪಿಟೀಲು ಮಾತ್ರ. ಸಭಿಕರ ಮೈಕ್ ಅದಕ್ಕೆ ಹೋಗುತ್ತಿರಲಿಲ್ಲ. ನಾನು ಅದನ್ನು ಅವನಿಗೆ ಹೇಳಲಿಲ್ಲ.

ರೋಷನ್ ಮತ್ತು ವಸುಧಾ ಮರುದಿನ ಊಟದ ಹೊತ್ತಿಗೆ ಬಂದರು. ಹಾಕಿ ಕೇಳಿಸಿದೆ.

"ಯಾರೋ ಹಿರಿಯರು ಬಿಡದೆ ತಟ್ಟಿದ್ದಾರೆ," ಎಂದ ರೋಷನ್. "ತೆಗೀಲಿಕ್ಕೆ ಆಗ್ತದಾ?"

ವಸುಧಾಳ ಬಲಗೈ ಮೇಜಿನ ಮೇಲಿತ್ತು. ಅದು ತಾನಾಗಿ ತಾಳ ಹಾಕತೊಡಗಿತು. ಪೆಟ್ಟು, ಕಿರುಬೆರಳು, ಉಂಗುರಬೆರಳು. ಉಂಗುರಬೆರಳು ಮೇಜಿಗೆ ತಾಗಿದ ಕ್ಷಣಕ್ಕೆ ಸ್ಪೀಕರಿನಲ್ಲಿ ಟಿಕ್ ಎಂದಿತು. ಅವಳು ಕೈ ಹಿಂದೆಗೆದುಕೊಂಡಳು.

"ಮಾಸ್ಟ್ರ ಆ ಬೆರಳಲ್ಲಿ ತಾಮ್ರದ ಉಂಗುರ ಇತ್ತು," ಎಂದಳು. "ತಾಳ ಹಾಕುವುದು ಕುರ್ಚಿಯ ಕೈಯ ಮೇಲೆ. ಮೂರನೇ ಅಕ್ಷರಕ್ಕೆ ಹೀಗೇ ಕೇಳ್ತಿತ್ತು."

ಕೆಳಗೆ ಬಸ್ಸಿನವನು ಬದಿಯಡ್ಕ, ಬದಿಯಡ್ಕ ಎಂದು ಕೂಗುತ್ತಿದ್ದ.

ವಸುಧಾ ಕೇಳಿದ್ದು ಒಂದೇ ಮಾತು. "ಕೇಶವಣ್ಣ, ನಡುವೆ ಎಲ್ಲಿಯಾದ್ರೂ ಕುರ್ಚಿ ಕೇಳಿತಾ?"

ಅವಳಿಗೆ ಭಯವಿದ್ದದ್ದು ಸತ್ತವರು ಬಂದರೆಂದಲ್ಲ, ಬಂದವರು ಈ ಸಲವೂ ನಡುವೆ ಎದ್ದುಹೋದರೇ ಎಂದು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಸಂಜೆಯವರೆಗೆ ಸಮಯ ಕೊಡು ಎಂದೆ.

ಅವರು ಹೋದ ಮೇಲೆ ಹೆಡ್‌ಫೋನ್ ಹಾಕಿ ಮೊದಲಿನಿಂದ ಕೂತೆ. ಮೊದಲಿನದು ಖಾಲಿ ಹಾಲಿನ ರೆಕಾರ್ಡಿಂಗ್. ನಾನು ಬಾಗಿಲು ಎಳೆದ ಸದ್ದು. ದೂರದ ಲಾರಿ. ಹಂಚಿನ ಮೇಲೆ ಕಾಗೆಯ ಕಾಲು. ಆಮೇಲೆ, ಹಾಲಿನೊಳಗೆ ಯಾರೂ ಇಲ್ಲದ ಆ ಹೊತ್ತಿನಲ್ಲಿ, ಬೆತ್ತ ಸಣ್ಣಗೆ ಕಿರುಗುಟ್ಟಿತು. ಇಳಿಯುವ ಸ್ವರ. ಕೂತ ಸದ್ದು.

ನಾನು ಹೆಡ್‌ಫೋನ್ ತೆಗೆದಿಟ್ಟೆ. ಖಾದ್ರಿಚ್ಚ ಇದ್ದಿದ್ದರೆ ಅವರ ಕಿವಿಗೆ ಕೊಡುತ್ತಿದ್ದೆ. ಅವರು ತೀರಿ ಎಷ್ಟೋ ವರ್ಷವಾಗಿತ್ತು. ಮತ್ತೆ ನಾನೇ ಹಾಕಿಕೊಂಡೆ. ಕಛೇರಿ ಪೂರ್ತಿ ಕೇಳಿದೆ, ಚಪ್ಪಾಳೆ ಕೇಳಿದೆ, ಜನ ಚಪ್ಪಲಿ ಹುಡುಕುವುದು ಕೇಳಿದೆ, ಡ್ರಮ್ಸ್ ಬಿಚ್ಚುವುದು ಕೇಳಿದೆ. ಎರಡನೆಯ ನಿಯಮದ ಪ್ರಕಾರ ಕಡೆಯ ಮೈಕ್ ಬಿಚ್ಚುವವರೆಗೂ ರೆಕಾರ್ಡಿಂಗ್ ಇತ್ತು. ಎದ್ದ ಸದ್ದು ಎಲ್ಲಿಯೂ ಇಲ್ಲ. ನಡುವೆಯೂ ಇಲ್ಲ, ಕೊನೆಗೂ ಇಲ್ಲ.

ಫೋನಿನಲ್ಲಿ ವಸುಧಾಳಿಗೆ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

"ಮುಗಿದ ಮೇಲೂ ಏಳಲಿಲ್ವಾ?" ಎಂದಳು. "ಹಾಗಾದ್ರೆ ಇನ್ನೂ ಕೂತಿದ್ದಾರೆ. ನಾವು ಮುಗಿಸಲೇ ಇಲ್ಲ ಕೇಶವಣ್ಣ," ಎಂದಳು.

ಅವಳು ವಿವರಿಸಿದ ಮೇಲೆ ನನಗೂ ಹೊಳೆಯಿತು. ಕೀರ್ತನೆಯಲ್ಲಿ ಚರಣ ಎಷ್ಟೇ ದೂರ ಹೋಗಲಿ, ಕೊನೆಗೆ ಮತ್ತೆ ಪಲ್ಲವಿಯ ಮೊದಲ ಸಾಲಿಗೆ ಬಂದು ನಿಲ್ಲಬೇಕು. ನಮ್ಮಲ್ಲಿ ಪಾಠಕ್ಕೆ ಕೂತ ಸಣ್ಣ ಮಗುವಿಗೂ ಇದು ಗೊತ್ತು. ಬ್ಯಾಂಡಿನವರು ಅಬ್ಬರ ಎಲ್ಲಿ ಏರಿತೋ ಅಲ್ಲಿಯೇ ನಿಲ್ಲಿಸಿದ್ದರು. ರಾಕ್‌ನಲ್ಲಿ ಅದು ಒಳ್ಳೆಯ ಮುಕ್ತಾಯ. ಚಪ್ಪಾಳೆಯ ಸದ್ದಿನಲ್ಲಿ ನನಗೂ ಗೊತ್ತಾಗಲಿಲ್ಲ, ಹಿರಿಯರಿಗೂ ಗೊತ್ತಾಗಲಿಲ್ಲ, ಇಷ್ಟು ವರ್ಷ ಕಲಿತ ಅವಳಿಗೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿನ ಬೀಗ ತೆಗೆದೆವು. ನಾನು ಮೈಕಿನ ಚೀಲ ತಂದಿದ್ದೆ. ವಸುಧಾ ಅದನ್ನು ನೋಡಿ ತಲೆಯಾಡಿಸಿದಳು. ಚೀಲವನ್ನು ಹೊರಗೆ ಜಗಲಿಯಲ್ಲೇ ಬಿಟ್ಟೆ. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಕುರ್ಚಿ ಇದ್ದಲ್ಲೇ ಇತ್ತು, ಅದರ ಮೇಲೆ ಸ್ವಲ್ಪ ಧೂಳು. ಅವಳು ಎದುರಿಗೆ ಚಾಪೆ ಹಾಸಿ ಕೂತು, ಶ್ರುತಿ ಮಾಡಿಕೊಂಡು, ಚರಣದ ಕೊನೆಯಿಂದ ಎತ್ತಿಕೊಂಡಳು. ಏಳರಲ್ಲೇ. ಎಂಟಕ್ಕೆ ತಿರುಗಿಸಲಿಲ್ಲ. ಅದು ನನಗೆ ಮೆಚ್ಚುಗೆಯಾಯಿತು. ನಾನು ಗೋಡೆಗೆ ಒರಗಿ ನಿಂತು, ಎರಡೂ ಲೆಕ್ಕ ಸೇರುವ ಜಾಗವನ್ನು ಮನಸ್ಸಿನಲ್ಲಿ ಕಾಯುತ್ತಿದ್ದೆ. ಪಲ್ಲವಿಯ ಸಾಲು ತಿರುಗಿ ಬಂತು. ಸರಿಯಾಗಿ ಆ ಪೆಟ್ಟಿಗೆ ಅವಳು ಕಮಾನು ನಿಲ್ಲಿಸಿದಳು.

ತಂತಿಯ ನಾದ ಇಳಿಯಿತು. ಲಾರಿಯೂ ಇಲ್ಲ, ಕಾಗೆಯೂ ಇಲ್ಲ. ಆಮೇಲೆ ಕುರ್ಚಿ ಉದ್ದಕ್ಕೆ ಕಿರುಗುಟ್ಟಿತು, ಏರುವ ಸ್ವರ.

ವಸುಧಾ ಪಿಟೀಲನ್ನು ಪಕ್ಕಕ್ಕಿಟ್ಟು ನೆಲಕ್ಕೆ ಹಣೆ ಹಚ್ಚಿ ಅತ್ತಳು. ನನ್ನ ಕಣ್ಣೂ ತುಂಬಿತು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಮೂಲೆಯ ಹೂಜಿ ತೊಳೆದು ಬಾವಿಯಿಂದ ನೀರು ತಂದು, ಒಂದು ಲೋಟ ತುಂಬಿಸಿ ಕಿಟಕಿಯಲ್ಲಿಟ್ಟಳು.

ಆಲ್ಬಮ್ ಹೊರಬಂತು. ಆ ಕೈಯನ್ನು ನಾನು ತೆಗೆಯಲಿಲ್ಲ. ರೋಷನ್ ಕೂಡ ಮತ್ತೆ ಕೇಳಲಿಲ್ಲ. ಕೇಳಿದವರಲ್ಲಿ ಕೆಲವರು, ಎಂಟರಲ್ಲಿ ನುಡಿಯುವ ಆ ವಾದ್ಯ ಯಾವುದು ಎಂದು ಬರೆದು ವಿಚಾರಿಸುತ್ತಾರಂತೆ. ಪಲ್ಲವಿಗೆ ತಿರುಗಿ ಬರದೆ ಹಾಡು ಮುಗಿದದ್ದು ಯಾಕೆ ಎಂದೂ ಒಬ್ಬರು ಕೇಳಿದ್ದಾರೆ. ಅದು ತಿರುಗಿ ಬಂದದ್ದನ್ನು ಕೇಳಿದವರು ಇಬ್ಬರೇ. ಆ ದಿನ ಅಲ್ಲಿ ಮೈಕ್ ಇರಲಿಲ್ಲ, ಹೆಡ್‌ಫೋನ್ ಇರಲಿಲ್ಲ. ನಾನು ಅದನ್ನು ಕೇಳಿದ್ದು ನನ್ನ ಈ ಎರಡು ಕಿವಿಗಳಿಂದ, ಹಗಲು ಹೊತ್ತಿನಲ್ಲಿ. ಅದಾದ ಮೇಲೆ ಯಂತ್ರದಲ್ಲಿ ಹಿಡಿಯಬೇಕಾದದ್ದು ನನಗೆ ಏನೂ ಉಳಿಯಲಿಲ್ಲ. ಆಲ್ಬಮ್ಮಿನ ಕೆಲಸ ಮುಗಿಸಿ ಸ್ಟುಡಿಯೋ ಮುಚ್ಚಿದ್ದು ಆ ವಾರವೇ.